ತಡೆಮದ್ದಿಗೆ ಅಡ್ಡಿಯಾದ ನಾಚಿಕೆ

ಪಾಠಭಾಗ: ಲೂಕ 8:43–48

ರಕ್ತಕುಸುಮ ರೋಗವಿದ್ದ ಸ್ತ್ರೀಯ ವೃತ್ತಾಂತವನ್ನು ನಾವು ಅನೇಕ ಸಾರಿ ಓದಿದ್ದೇವೆ. ಹನ್ನೆರಡು ವರುಷ ಬಾಧೆಪಟ್ಟ ಅವಳು ಕರ್ತನ ಎದುರಿಗೆ ಬಾರದೆ, ಗುಂಪಿನಲ್ಲಿ ಹಿಂದಿನಿಂದ ಮರೆಯಾಗಿ ಬಂದಳು. ಯಾಕಂದರೆ ಮೋಶೆಯ ನೇಮದ ಪ್ರಕಾರ ಅಂಥವಳು ಅಶುದ್ಧಳೆನಿಸಿಕೊಳ್ಳುತ್ತಿದ್ದಳು. ಹೀಗೆ ರೋಗದ ಭಾರದ ಮೇಲೆ ನಾಚಿಕೆಯ ಭಾರವೂ ಅವಳಿಗಿತ್ತು. ಈ ಎರಡನೆಯ ಭಾರವು ನಮ್ಮ ಕಾಲದಲ್ಲಿಯೂ ಅನೇಕರನ್ನು ಔಷಧದಿಂದ ದೂರವಿಡುತ್ತದೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಔಷಧವು ಯಾವದು?

ಎಚ್.ಐ.ವಿ. ಎಂಬ ರೋಗಾಣು ಅಂಟುವದಕ್ಕೆ ಮುಂಚೆಯೇ ಅದನ್ನು ತಡೆಯುವ ಗುಳಿಗೆಯುಂಟು. ಇದಕ್ಕೆ ಪ್ರೆಪ್ ಎಂದು ಹೆಸರು. ಟೆನೊಫೊವಿರ್, ಎಮ್‌ಟ್ರಿಸಿಟಬೀನ್ ಎಂಬ ಎರಡು ಮದ್ದುಗಳು ಇದರಲ್ಲಿ ಸೇರಿವೆ. ರೋಗಾಣುವಿಲ್ಲವೆಂದು ರಕ್ತಪರೀಕ್ಷೆಯಿಂದ ತಿಳಿದವರು ವೈದ್ಯರ ಅಪ್ಪಣೆಯಂತೆ ದಿನಕ್ಕೊಂದು ನುಂಗಿ, ಮೂರು ತಿಂಗಳಿಗೊಮ್ಮೆ ತಿರಿಗಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ತಪ್ಪದೆ ನುಂಗುವವರಿಗೆ ದೇಹಸಂಬಂಧದಿಂದ ರೋಗಾಣು ಅಂಟುವ ಅಪಾಯವು 100ರಲ್ಲಿ ಸುಮಾರು 99 ಪಾಲು ತಗ್ಗುತ್ತದೆ. ಬೇರೆ ಗುಹ್ಯರೋಗಗಳನ್ನು ಇದು ತಡೆಯದು. ಹೆಚ್ಚಿನ ಅಪಾಯದಲ್ಲಿರುವವರೆಲ್ಲರಿಗೂ ಇದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆಮಾಡಿತು. ಲೈಂಗಿಕ ವೃತ್ತಿಯ ಸ್ತ್ರೀಯರು, ಪುರುಷರೊಡನೆ ದೇಹಸಂಬಂಧವುಳ್ಳ ಪುರುಷರು, ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು ಇವರಲ್ಲಿ ಸೇರಿದ್ದಾರೆ. ಗಂಡನಿಗೆ ರೋಗಾಣುವಿದ್ದು, ಚಿಕಿತ್ಸೆಯಿಂದ ಅದು ಇನ್ನೂ ಅಡಗದೆ ಇರುವಾಗ, ಪತಿವ್ರತೆಯಾದ ಹೆಂಡತಿಯೂ ಇವರಲ್ಲಿ ಒಬ್ಬಳೇ.

2. ಕೈಗೆ ಬಂದರೂ ನುಂಗದೆ ಹೋದದ್ದೇಕೆ?

ದಕ್ಷಿಣ ಆಫ್ರಿಕ, ಯುಗಾಂಡ, ಜಿಂಬಾಬ್ವೆ ದೇಶಗಳಲ್ಲಿ 2009ರಿಂದ 5,029 ಸ್ತ್ರೀಯರಲ್ಲಿ ‘ವಾಯ್ಸ್’ ಎಂಬ ಪರೀಕ್ಷೆ ನಡೆಯಿತು. ಕೆಲವರಿಗೆ ಗುಳಿಗೆಯನ್ನೂ ಕೆಲವರಿಗೆ ಲೇಪವನ್ನೂ ಕೊಟ್ಟರು. ಹೆಚ್ಚುಕಡಿಮೆ ಎಲ್ಲರೂ ತಪ್ಪದೆ ಬಳಸುತ್ತೇವೆಂದು ಹೇಳಿದರು. ಆದರೆ ಔಷಧವಿದ್ದ ಗುಳಿಗೆಯನ್ನು ಪಡೆದವರ ರಕ್ತವನ್ನು ಶೋಧಿಸಲಾಗಿ, 100 ಮಾದರಿಗಳಲ್ಲಿ ಸುಮಾರು 30ರಲ್ಲಿ ಮಾತ್ರ ಔಷಧವು ಕಂಡುಬಂತು. ಆದದರಿಂದ ಆ ಪರೀಕ್ಷೆಯಲ್ಲಿ ಗುಳಿಗೆಯಿಂದ ರಕ್ಷಣೆ ತೋರಲಿಲ್ಲ.

ಕಾರಣಗಳನ್ನು ಕೇಳುವಾಗ ಹಲವು ಅಡ್ಡಿಗಳು ಹೊರಬಿದ್ದವು. ಇದೇ ಜಾತಿಯ ಮದ್ದನ್ನು ರೋಗಿಗಳಿಗೂ ಕೊಡುವದರಿಂದ, ಗುಳಿಗೆಯ ಡಬ್ಬಿಯನ್ನು ಕಂಡವರು ತಮ್ಮನ್ನೂ ರೋಗಿಗಳೆಂದಾರು ಎಂಬ ಅಂಜಿಕೆ, ಗಂಡನ ಸಂಶಯ, ಹೊಟ್ಟೆ ತೊಳಸೀತೆಂಬ ಭಯ, ಆರೋಗ್ಯವಿರುವಾಗ ಔಷಧವೇಕೆ ಎಂಬ ಎಣಿಕೆ. ಇವುಗಳಲ್ಲಿ ಮೊದಲಿನ ಎರಡನ್ನು ವೈದ್ಯನು ವಾಸಿಮಾಡಲಾರನು; ಅವು ನೆರೆಹೊರೆಯವರ ನಾಲಿಗೆಯಿಂದ ಹುಟ್ಟುತ್ತವೆ.

3. ಅಡ್ಡಿಯು ತೊಲಗಿದ ಬಗೆ

ನಮ್ಮ ಸೀಮೆಯಲ್ಲಿ ಇದಕ್ಕೆ ಉತ್ತಮ ನಿದರ್ಶನವುಂಟು. ಮೈಸೂರು, ಮಂಡ್ಯ ಕಡೆಗಳಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಆಶೋದಯ ಸಮಿತಿಯು 2016ರಲ್ಲಿ ಆರಂಭಿಸಿ 600ಕ್ಕಿಂತ ಹೆಚ್ಚು ಸ್ತ್ರೀಯರಿಗೆ ಈ ಗುಳಿಗೆಯನ್ನು ಒದಗಿಸಿತು. ತಮ್ಮಂಥವರೇ ಬಳಿಗೆ ಬಂದು ವಿಚಾರಿಸಿದರು, ಗುಟ್ಟನ್ನು ಕಾಪಾಡಿದರು, ಸಂದೇಹಗಳನ್ನು ತೀರಿಸಿದರು. ಆ ಕಾರ್ಯದ ಅವಧಿಯಲ್ಲಿ ಅವರೊಳಗೆ ಒಬ್ಬಳಿಗೂ ಹೊಸದಾಗಿ ರೋಗಾಣು ಅಂಟಲಿಲ್ಲ. ಮದ್ದು ಅದೇ ಜಾತಿಯದು. ಕೊಟ್ಟವರ ಮೇಲೆ ಭರವಸವಿತ್ತು. ವರುಷಕ್ಕೆ ಎರಡೇ ಸಾರಿ ಚುಚ್ಚುವ ಲೆನಾಕಪವಿರ್ ಎಂಬ ಮದ್ದನ್ನು ಸಹ ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಸಲಹೆಮಾಡಿದೆ. ಅದಕ್ಕೆ ಮನೆಯಲ್ಲಿ ಡಬ್ಬಿ ಬೇಕಿಲ್ಲವಾದರೂ, ಆಸ್ಪತ್ರೆಯ ಮೆಟ್ಟಲು ಹತ್ತುವ ಧೈರ್ಯವಂತೂ ಬೇಕು.

4. ನಮ್ಮ ಕರ್ತವ್ಯ

ಇಂಥ ಔಷಧವು ಪಾಪಕ್ಕೆ ಅನುಕೂಲವಾಗದೋ ಎಂದು ಕೆಲವರು ಕೇಳುತ್ತಾರೆ. ಕರ್ತನು ಆ ಸ್ತ್ರೀಯ ನಡತೆಯನ್ನು ವಿಚಾರಿಸಿದ ಮೇಲೆ ಸ್ವಸ್ಥಮಾಡಿದನೋ? ಇಲ್ಲ. ನಡುಗುತ್ತಾ ಬಂದವಳನ್ನು ಗದರಿಸದೆ, ಎಲ್ಲರ ಮುಂದೆ ಮಗಳೆಂದು ಕರೆದು ಸಮಾಧಾನದಿಂದ ಕಳುಹಿಸಿದನು. ಶುದ್ಧ ನಡತೆಯನ್ನು ಬೋಧಿಸುವದು ಸಭೆಗೆ ತಕ್ಕದ್ದೇ. ಆದರೆ ಸತ್ತವನಿಗೆ ಬೋಧಿಸುವದು ಹೇಗೆ?

ಆದದರಿಂದ ಒಬ್ಬನು ಪರೀಕ್ಷೆಗೆ ಹೋದನೆಂಬದನ್ನು ಬಾವಿಕಟ್ಟೆಯ ಮಾತಾಗಿ ಮಾಡಬಾರದು. ಒಬ್ಬನ ರೋಗಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಹೊರಪಡಿಸಬಾರದೆಂದು 2017ರ ಎಚ್.ಐ.ವಿ. ಕಾಯಿದೆಯು ವಿಧಿಸುತ್ತದೆ, ಕ್ರಿಸ್ತನ ಜನರಿಗೆ ಕಾಯಿದೆಗಿಂತ ಮೊದಲೇ ಪ್ರೀತಿಯ ಆಜ್ಞೆಯುಂಟು. ಸಂದೇಹವುಳ್ಳವರಿಗೆ ಸರಕಾರದ 1097 ಎಂಬ ದೂರವಾಣಿಯನ್ನು ತಿಳಿಸೋಣ. ಬೇಕಾದರೆ ಅವರ ಜೊತೆಯಲ್ಲಿ ಆಸ್ಪತ್ರೆಗೆ ನಡೆದುಹೋಗೋಣ.

ಪ್ರಶ್ನೆಗಳು

1. ಆ ಸ್ತ್ರೀಯು ಮರೆಯಾಗಿ ಬಂದದ್ದೇಕೆ?
2. ಗುಳಿಗೆಯನ್ನು ಪಡೆದವರೂ ನುಂಗದೆ ಇದ್ದದ್ದಕ್ಕೆ ಮೂರು ಕಾರಣಗಳನ್ನು ಹೇಳಿರಿ.
3. ನಮ್ಮ ಸಭೆಯಲ್ಲಿ ಒಬ್ಬನು ತನ್ನ ಭಯವನ್ನು ಹೇಳಿಕೊಳ್ಳಬೇಕಾದರೆ, ನಂಬಿ ಯಾರ ಬಳಿಗೆ ಹೋಗಬಹುದು?