ಕರಡು ಕೈಯಲ್ಲಿದ್ದರೆ ಮಾತಿಗೆ ತೂಕ

2024ರ ಜೂನ್ ಕೊನೆಯಿಂದ ಜುಲೈ ಮುಗಿಯುವುದರೊಳಗೆ ಕರ್ನಾಟಕದಲ್ಲಿ ದುಡಿಮೆಗೆ ಸಂಬಂಧಿಸಿದ ಮೂರು ಪ್ರಸ್ತಾವಗಳು ಒಂದರ ಬೆನ್ನಿಗೊಂದು ಬಂದವು. ಜೂನ್ 29ರಂದು ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ದುಡಿಯುವವರ, ಸಾಮಾಜಿಕ ಭದ್ರತೆಯ ಕರಡು ವಿಧೇಯಕ ಹೊರಬಿತ್ತು. ಖಾಸಗಿ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ವಿಧೇಯಕಕ್ಕೆ ಜುಲೈ 15ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 17ರಂದು ಅದು ತಡೆಬಿದ್ದು ಮೂಲೆ ಸೇರಿತು. ಅದರ ಬೆನ್ನಲ್ಲೇ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾವದ ಸುದ್ದಿ ಬಂತು. ಈ ಮೂರೂ ಬೆಂಗಳೂರಿನ ಪಶ್ಚಿಮ ಭಾಗದ ಮನೆಮನೆಗೆ ತಟ್ಟುವ ವಿಷಯಗಳು. ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಊಟ, ದಿನಸಿ ತಲುಪಿಸುವ ಹುಡುಗರು, ರಾಜಾಜಿನಗರ ಕೈಗಾರಿಕಾ ಪ್ರದೇಶ ಮತ್ತು ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು, ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೋಗುವ ಐಟಿ ನೌಕರರು ಇಲ್ಲಿ ಒಂದೇ ಬೀದಿಯಲ್ಲಿ ವಾಸವಿದ್ದಾರೆ. ಇಂಥ ಕಡೆ ವಾದ ನಡೆಯುವುದು ಸಹಜ, ನಡೆಯಲೂ ಬೇಕು. ಆದರೆ ಆ ತಿಂಗಳ ವಾದದ ಬಹುಪಾಲು ಪತ್ರಿಕೆಯ ತಲೆಬರಹಗಳ ಸುತ್ತಲೇ ತಿರುಗಿತು. ಕರಡನ್ನು ಓದಿ, ಅದರ ಯಾವ ಸಾಲು ತಪ್ಪು ಎಂದು ತೋರಿಸಿ, ಗಡುವಿನೊಳಗೆ ಬರೆದು ಕೊಡುವವರೆಗೆ ನಮ್ಮ ಮಾತಿಗೆ ಕಾನೂನಿನಲ್ಲಿ ಜಾಗ ಸಿಗುವುದಿಲ್ಲ. ಅದನ್ನು ಮಾಡುವುದು ಹೇಗೆಂಬುದನ್ನು ಹಂತ ಹಂತವಾಗಿ ಇಲ್ಲಿ ಹೇಳಿದೆ.

ಮೊದಲು ಮಾಡಬೇಕಾದ್ದು, ಚರ್ಚೆಯಲ್ಲಿರುವ ದಾಖಲೆ ಯಾವ ಹಂತದ್ದು ಎಂದು ಗುರುತಿಸುವುದು. ಕರಡು ವಿಧೇಯಕ, ಸಂಪುಟ ಒಪ್ಪಿದ ವಿಧೇಯಕ, ಸುಗ್ರೀವಾಜ್ಞೆ, ಸದನ ಅಂಗೀಕರಿಸಿದ ಕಾಯ್ದೆ, ಕಾಯ್ದೆಯ ಅಡಿಯ ನಿಯಮ ಇವೆಲ್ಲ ಬೇರೆ ಬೇರೆ. ಯಾರಿಗೆ ಬರೆಯಬೇಕು, ಬರೆದರೆ ಏನಾಗುತ್ತದೆ ಎಂಬುದು ಈ ಹಂತದ ಮೇಲೆ ನಿಂತಿದೆ. ಗಿಗ್ ಕಾರ್ಮಿಕರ ಕಾನೂನನ್ನೇ ನೋಡಿ: 2024ರ ಜೂನ್‌ನಲ್ಲಿ ಕರಡು, 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ಉಭಯ ಸದನಗಳ ಒಪ್ಪಿಗೆ, ಸೆಪ್ಟೆಂಬರ್‌ನಲ್ಲಿ ರಾಜ್ಯಪತ್ರದಲ್ಲಿ ಪ್ರಕಟಣೆ. ಕರಡಿನ ಹಂತದಲ್ಲಿ ಇಲಾಖೆಗೆ ಬರೆಯಬೇಕಿತ್ತು. ಸದನದ ಹಂತದಲ್ಲಿ ನಿಮ್ಮ ಕ್ಷೇತ್ರದ ಶಾಸಕರ ಮೂಲಕ ತಿದ್ದುಪಡಿ ಕೇಳಬೇಕಿತ್ತು. ಕಾಯ್ದೆಯಾದ ಮೇಲೆ ನಿಯಮಗಳ ಮೇಲೆ ಕಣ್ಣಿಡಬೇಕು. ಪಠ್ಯಕ್ಕಾಗಿ ಸರ್ಕಾರದ ಇ-ರಾಜ್ಯಪತ್ರ ಜಾಲತಾಣ, ಆಯಾ ಇಲಾಖೆಯ ಜಾಲತಾಣ, ಜಾರಿಯಲ್ಲಿರುವ ಕಾಯ್ದೆಗಳಿಗಾಗಿ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ ಹುಡುಕಬೇಕು. ಮನೆಯಲ್ಲಿ ಓದಲು ಅನುಕೂಲವಿಲ್ಲದವರಿಗೆ ಹಂಪಿನಗರದ ಕೇಂದ್ರ ಗ್ರಂಥಾಲಯವಿದೆ. ಫೋನಿಗೆ ಬಂದ ಫೋಟೊ ಅಥವಾ ಯಾರೋ ಬರೆದ ಸಾರಾಂಶವನ್ನು ಪಠ್ಯವೆಂದು ನಂಬಬೇಡಿ.

ಹೀಗೆ ನಂಬಿದರೆ ಏನಾಗುತ್ತದೆ ಎಂಬುದನ್ನು ಸ್ಥಳೀಯರ ಉದ್ಯೋಗ ವಿಧೇಯಕ ತೋರಿಸಿತು. ಮುಖ್ಯಮಂತ್ರಿಗಳ ಎಕ್ಸ್ ಖಾತೆಯಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳು ನೂರಕ್ಕೆ ನೂರು ಕನ್ನಡಿಗರಿಗೆ ಎಂಬ ಮಾತು ಬಂತು, ಬಳಿಕ ಅಳಿಸಿಹೋಯಿತು. ವಿಧೇಯಕದಲ್ಲಿದ್ದದ್ದು ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಆದರೆ ಅಷ್ಟು ಹೊತ್ತಿಗೆ ಒಂದು ಗುಂಪು ಇಲ್ಲದ ನೂರರ ಪರವಾಗಿ ಸಂಭ್ರಮಿಸುತ್ತಿತ್ತು, ಇನ್ನೊಂದು ಗುಂಪು ಅದೇ ಇಲ್ಲದ ನೂರನ್ನು ಖಂಡಿಸುತ್ತಿತ್ತು. ಅದಕ್ಕಿಂತ ಮುಖ್ಯವಾದ ಒಂದು ಸಾಲು ಇಬ್ಬರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ಅರ್ಹ ಸ್ಥಳೀಯರು ಸಿಗದಿದ್ದರೆ ಸಂಸ್ಥೆ ವಿನಾಯಿತಿ ಕೇಳಬಹುದು, ಆದರೆ ಆಡಳಿತ ಹುದ್ದೆಯಲ್ಲಿ ಶೇ 25, ಇತರೆಡೆ ಶೇ 50ಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬುದು ಆ ಸಾಲು. ಅಂದರೆ ನಿಜವಾದ ಚರ್ಚೆ ಆ ವಿನಾಯಿತಿಯನ್ನು ಯಾವ ಅಧಿಕಾರಿ, ಎಷ್ಟು ದಿನಗಳಲ್ಲಿ, ಯಾವ ದಾಖಲೆ ನೋಡಿ ಕೊಡುತ್ತಾನೆ ಎಂಬುದರ ಮೇಲೆ ನಡೆಯಬೇಕಿತ್ತು. ಕನ್ನಡಿಗರಿಗೆ ಕೆಲಸ ಸಿಗಬೇಕೆನ್ನುವವರಿಗೂ ಉದ್ಯಮಿಗಳಿಗೂ ಅದೇ ನಿರ್ಣಾಯಕ ಸಾಲು. ಕನ್ನಡಿಗರ ಉದ್ಯೋಗದ ಬಗ್ಗೆ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟ 1980ರ ದಶಕದಿಂದ ಈ ಬೇಡಿಕೆ ಜೀವಂತವಾಗಿದೆ. ಇಷ್ಟು ಹಳೆಯ, ಇಷ್ಟು ನ್ಯಾಯವಾದ ಆಸೆ ಎರಡೇ ದಿನದ ಗದ್ದಲದಲ್ಲಿ ಮುಳುಗಿದ್ದು ನೋವಿನ ಸಂಗತಿ. ಹರಿಯಾಣದ ಶೇ 75ರ ಇಂಥದೇ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದುಪಡಿಸಿತ್ತು. ಆ ತೀರ್ಪಿಗೆ ನಮ್ಮ ವಿಧೇಯಕ ಏನು ಉತ್ತರ ಕೊಡುತ್ತದೆ ಎಂದು ಕೇಳಿದ್ದರೆ ವಾದ ಗಟ್ಟಿಯಾಗುತ್ತಿತ್ತು.

ಆದ್ದರಿಂದ ಎರಡನೆಯ ಹೆಜ್ಜೆ ಓದುವ ಕ್ರಮಕ್ಕೆ ಸಂಬಂಧಿಸಿದ್ದು. ಮೊದಲ ಪುಟದಿಂದ ಕೊನೆಯವರೆಗೆ ಸಾಲುಸಾಲಾಗಿ ಓದಿ ಸುಸ್ತಾಗುವುದು ಬೇಡ. ಮೊದಲು ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ನೋಡಿ. ಸರ್ಕಾರ ತಾನು ಏನು ಮಾಡಹೊರಟಿದ್ದೇನೆ ಎನ್ನುವುದು ಅಲ್ಲಿರುತ್ತದೆ. ಆಮೇಲೆ ಪರಿಭಾಷೆಗಳ ಪ್ರಕರಣಕ್ಕೆ ಹೋಗಿ. ‘ಕಾರ್ಮಿಕ’, ‘ಸ್ಥಳೀಯ’, ‘ಉದ್ಯೋಗದಾತ’ ಎಂದರೆ ಯಾರೆಂದು ಅಲ್ಲೇ ತೀರ್ಮಾನವಾಗುತ್ತದೆ, ಯಾರು ಒಳಗೆ ಯಾರು ಹೊರಗೆ ಎಂಬುದೂ ಅಲ್ಲೇ. ಮೂರನೆಯದಾಗಿ ‘ಪರಂತು’ ಎಂದು ಶುರುವಾಗುವ ಸಾಲುಗಳಿಗೆ ಗುರುತು ಹಾಕಿ. ವಿನಾಯಿತಿಗಳೆಲ್ಲ ಅಲ್ಲಿ ಕುಳಿತಿರುತ್ತವೆ. ಕೊನೆಗೆ ‘ನಿಯಮಿಸಬಹುದಾದಂತೆ’ ಅಥವಾ ‘ಅಧಿಸೂಚಿಸಬಹುದಾದಂತೆ’ ಎಂದಿರುವ ಕಡೆಗಳನ್ನು ಪಟ್ಟಿ ಮಾಡಿ. ಸದನ ತಾನು ತೀರ್ಮಾನಿಸದೆ ಇಲಾಖೆಯ ಕೈಗೆ ಬಿಟ್ಟಿರುವ ಸಂಗತಿಗಳು ಇವು. ಗಿಗ್ ಕಾರ್ಮಿಕರ 2024ರ ಕರಡಿನಲ್ಲಿ, ಆ್ಯಪ್ ಕಂಪನಿಗಳು ಅವರಿಗಾಗಿ ಕಟ್ಟಬೇಕಾದ ಕಲ್ಯಾಣ ಶುಲ್ಕ ಶೇಕಡಾ ಎಷ್ಟು ಎಂಬುದೇ ಇರಲಿಲ್ಲ. 2025ರ ಪಠ್ಯದಲ್ಲಿ ಅದು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5 ಎಂದು ನಿಗದಿಯಾಯಿತು. ಖಾಲಿ ಜಾಗವನ್ನು ತೋರಿಸಿ ತುಂಬಿಸಿ ಎಂದು ಕೇಳುವುದು ನಾಗರಿಕನೊಬ್ಬ ಮಾಡಬಹುದಾದ ಅತ್ಯಂತ ಉಪಯುಕ್ತ ಆಕ್ಷೇಪಣೆ ಎಂದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆಗೆ ಕಾಗದ, ಪೆನ್ನು ಸಾಕು. ಕರಡಿನಲ್ಲಿರುವ ಪ್ರತಿ ಅಂಕಿಯನ್ನೂ ಒಂದು ಮನೆಯ ಲೆಕ್ಕಕ್ಕೆ ಇಳಿಸಿ ನೋಡಬೇಕು. ಕಲ್ಯಾಣ ಶುಲ್ಕ ಬಂದರೆ ಊಟದ ಬೆಲೆ ಏರುತ್ತದೆ ಎಂಬ ವಾದವಿದೆ. 400 ರೂಪಾಯಿಯ ಊಟ ತಲುಪಿಸಿದ್ದಕ್ಕೆ ಡೆಲಿವರಿ ಹುಡುಗನಿಗೆ 40 ರೂಪಾಯಿ ಸಿಕ್ಕಿತು ಎಂದು ಇಟ್ಟುಕೊಳ್ಳಿ. ಶುಲ್ಕ ಬೀಳುವುದು 40ರ ಮೇಲೆ, 400ರ ಮೇಲಲ್ಲ. ಕನಿಷ್ಠ 40 ಪೈಸೆ, ಹೆಚ್ಚೆಂದರೆ 2 ರೂಪಾಯಿ. ಅಷ್ಟನ್ನೂ ಗ್ರಾಹಕನ ತಲೆಗೇ ಕಟ್ಟಿದರೂ ಊಟದ ಬೆಲೆಯ ಅರ್ಧ ಶೇಕಡಾ ಆಗುತ್ತದೆ. ಇದಕ್ಕೆ ಪ್ರತಿಯಾಗಿ ಆ ಹುಡುಗನಿಗೆ ಸಿಗಬೇಕಾದ್ದೇನು ಎಂಬುದನ್ನೂ ಅಳೆಯಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆಯೇ ದಿನವಿಡೀ ಓಡಾಡುವ ಡೆಲಿವರಿ ಕಾರ್ಮಿಕನಿಗೆ, ಕಾಗದದ ಮೇಲೆ ಆತ ನೌಕರನಲ್ಲ ‘ಪಾರ್ಟ್‌ನರ್’ ಆಗಿರುವ ಕಾರಣ, ಆ ಕೆಲಸದ ಬಲದಿಂದ ಅಲ್ಲಿ ಚಿಕಿತ್ಸೆಯ ಹಕ್ಕು ಸಿಕ್ಕಿಲ್ಲ. ಅದೇ ರಸ್ತೆಯ ಕಾರ್ಖಾನೆಯಲ್ಲಿ ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ಸಂಬಳ ಪಡೆಯುವವನಿಗೆ ಆ ಹಕ್ಕಿದೆ. ಅವನ ಪರವಾಗಿ ಮಾಲೀಕ ವೇತನದ ಶೇ 3.25, ಅವನು ಶೇ 0.75 ಕಟ್ಟುತ್ತಾರೆ. ಕಾರ್ಖಾನೆ ಶೇ 3.25 ಕಟ್ಟಿ ನಡೆಯಬಹುದಾದರೆ, ಆ್ಯಪ್ ಕಂಪನಿ ಶೇ 1ರಿಂದ 5 ಕಟ್ಟಲಾಗದು ಎಂಬ ಮಾತನ್ನು ಒಪ್ಪಲು ಬಲವಾದ ಪುರಾವೆ ಬೇಕು.

ದುಡಿಮೆಯ ಗಂಟೆಗಳ ವಿಷಯದಲ್ಲಂತೂ ಲೆಕ್ಕ ಹಾಕದಿದ್ದರೆ ಮೋಸಹೋಗುವುದು ಖಚಿತ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎನ್ನುತ್ತದೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಮೀರುವಂತಿಲ್ಲ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ. 14 ಗಂಟೆಯ ಸುದ್ದಿಯ ಮರುವರ್ಷ, 2025ರ ಜೂನ್‌ನಲ್ಲಿ ಬಂದ ಪ್ರಸ್ತಾವ 9ನ್ನು 10ಕ್ಕೆ, ಓವರ್‌ಟೈಮ್ ಸೇರಿದ 10ನ್ನು 12ಕ್ಕೆ, 50ನ್ನು 144ಕ್ಕೆ ಏರಿಸುವುದಾಗಿತ್ತು. ಚರ್ಚೆಯೆಲ್ಲ ‘ದಿನಕ್ಕೆ ಒಂದು ಗಂಟೆ ಹೆಚ್ಚು’ ಎಂಬುದರ ಮೇಲೆ ನಡೆಯಿತು. ಮೂರು ತಿಂಗಳೆಂದರೆ 13 ವಾರ. 50ನ್ನು 13ರಿಂದ ಭಾಗಿಸಿದರೆ ವಾರಕ್ಕೆ 4 ಗಂಟೆಗೂ ಕಡಿಮೆ. 144ನ್ನು ಭಾಗಿಸಿದರೆ 11 ಗಂಟೆ. 48ಕ್ಕೆ 11 ಕೂಡಿಸಿದರೆ ವಾರದ ಕೆಲಸ 59 ಗಂಟೆಗೆ ಬಂದು ನಿಲ್ಲುತ್ತದೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುವ ಹೊತ್ತು ಇದರ ಮೇಲೆ. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಸಿಗುತ್ತದಲ್ಲ, ಅದು ನೌಕರನಿಗೇ ಲಾಭ ಎನ್ನುವವರಿದ್ದಾರೆ. ಕಾಯ್ದೆಯಲ್ಲಿ ದುಪ್ಪಟ್ಟು ಕೂಲಿ ಇರುವುದು ನಿಜ. ಆದರೆ ತಿಂಗಳ ಸಂಬಳದವರ ಹೆಚ್ಚುವರಿ ಗಂಟೆ ಎಲ್ಲೂ ದಾಖಲಾಗದಿದ್ದರೆ ಅದು ಕೈಗೆ ಬರುವ ದಾರಿ ಯಾವುದು? ಆದ್ದರಿಂದ ಆಕ್ಷೇಪಣೆ ಬರೆಯುವವರು ‘ಗಂಟೆ ಹೆಚ್ಚಿಸಬೇಡಿ’ ಎನ್ನುವುದರ ಜೊತೆಗೆ, ಪ್ರತಿ ನೌಕರನ ಒಳಬಂದ, ಹೊರಹೋದ ಹೊತ್ತಿನ ದಾಖಲೆ ಅವನಿಗೂ ಸಿಗಬೇಕೆಂಬ ಸಾಲನ್ನು ಸೇರಿಸಲು ಕೇಳಬೇಕು.

ನಾಲ್ಕನೆಯದು ಮನಸ್ಸಿಗೆ ಕಷ್ಟವಾದ ಹೆಜ್ಜೆ: ಎದುರಾಳಿಯ ವಾದವನ್ನು ಅವನು ಒಪ್ಪುವಷ್ಟು ಚೆನ್ನಾಗಿ ಮೊದಲು ನೀವೇ ಬರೆದುಕೊಳ್ಳಿ. ಗಿಗ್ ಕಾನೂನಿನ ವಿರುದ್ಧ ಉದ್ಯಮದ ಬಲವಾದ ವಾದವೆಂದರೆ ಎರಡು ಬಾರಿ ಕಟ್ಟಬೇಕಾಗುವ ಭಯ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದರ ಪ್ರಕಾರ ಅಗ್ರಿಗೇಟರ್‌ಗಳು, ಅಂದರೆ ಆ್ಯಪ್ ಕಂಪನಿಗಳು, ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು, ಕಾರ್ಮಿಕರಿಗೆ ಕೊಡುವ ಹಣದ ಶೇ 5ರ ಮಿತಿಗೆ ಒಳಪಟ್ಟು, ಕೊಡಬೇಕು. ಕೇಂದ್ರ ಲೆಕ್ಕ ಹಿಡಿಯುವುದು ವಹಿವಾಟಿನ ಮೇಲೆ, ರಾಜ್ಯ ಲೆಕ್ಕ ಹಿಡಿಯುವುದು ಕಾರ್ಮಿಕನ ಗಳಿಕೆಯ ಮೇಲೆ. ಈ ಗೊಂದಲ ನಿಜವಾದದ್ದು. ಅದನ್ನು ಬಂಡವಾಳಗಾರರ ಕುತಂತ್ರ ಎಂದು ತಳ್ಳಿಹಾಕಿದರೆ ಇಲಾಖೆಯಲ್ಲಿ ಓದುವವರು ನಿಮ್ಮ ಪತ್ರವನ್ನೂ ಬದಿಗಿಡುತ್ತಾರೆ. ಒಂದಕ್ಕೆ ಕಟ್ಟಿದ್ದನ್ನು ಇನ್ನೊಂದರಲ್ಲಿ ಹೇಗೆ ಹೊಂದಿಸುತ್ತೀರಿ, ಹಾಗೆ ಹೊಂದಿಸಿದಾಗ ಕಾರ್ಮಿಕನಿಗೆ ಸಿಗುವ ಸೌಲಭ್ಯ ಕಡಿಮೆಯಾಗದಂತೆ ಯಾವ ಸಾಲು ಕಾಯುತ್ತದೆ ಎಂದು ಕೇಳಿ. ಆಗ ಕಂಪನಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ, ಕಾರ್ಮಿಕನ ಪಾಲೂ ಉಳಿಯುತ್ತದೆ.

ಇನ್ನು ಬರೆಯುವ ಕೆಲಸ. ಒಂದು ಪುಟ ಸಾಕು, ಕನ್ನಡದಲ್ಲೇ ಇರಲಿ. ಮೇಲೆ ಕರಡಿನ ಹೆಸರು, ಅಧಿಸೂಚನೆಯ ಸಂಖ್ಯೆ, ದಿನಾಂಕ. ಆಮೇಲೆ ಪ್ರತಿ ಆಕ್ಷೇಪಣೆಗೆ ನಾಲ್ಕು ಸಂಗತಿ: ಪ್ರಕರಣದ ಸಂಖ್ಯೆ, ಅಲ್ಲಿ ಈಗ ಇರುವ ಮಾತು, ಅದರಿಂದ ಯಾರಿಗೆ ಏನು ತೊಂದರೆ, ಬದಲಿಗೆ ಇರಬೇಕಾದ ಮಾತು. ಉದಾಹರಣೆಗೆ, ಗಿಗ್ ಕಾಯ್ದೆಯಲ್ಲಿ ಕಾರ್ಮಿಕನನ್ನು ಕೈಬಿಡಲು ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಬೇಕು. ಆದರೆ ರಸ್ತೆಯಲ್ಲಿ ಇವರನ್ನು ಕಾಡುವುದು ‘ಐಡಿ ಬ್ಲಾಕ್’. ಗ್ರಾಹಕರೊಬ್ಬರ ದೂರು ಬಂದ ಕೂಡಲೇ ಆ್ಯಪ್ ಕೆಲವು ಗಂಟೆ ಅಥವಾ ಕೆಲವು ದಿನ ತೆರೆಯದೇ ಹೋದರೆ ಅಂದಿನ ಗಳಿಕೆ ಹೋಯಿತು. ಪರಿಭಾಷೆಯನ್ನೂ ನಿಯಮಗಳನ್ನೂ ಓದಿ, ಇಂಥ ತಾತ್ಕಾಲಿಕ ತಡೆಗೆ ಸ್ಪಷ್ಟ ಉತ್ತರ ಕಾಣದಿದ್ದರೆ ಹೀಗೆ ಬರೆಯಬಹುದು: ‘24 ಗಂಟೆಗಿಂತ ಹೆಚ್ಚು ಕಾಲ ಕಾರ್ಮಿಕನ ಐಡಿ ತಡೆಹಿಡಿದರೆ ಅದನ್ನು ಕೈಬಿಟ್ಟಂತೆಯೇ ಪರಿಗಣಿಸತಕ್ಕದ್ದು, ಮತ್ತು ಕಾರಣವನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ಆ ಕೂಡಲೇ ತಿಳಿಸತಕ್ಕದ್ದು.’ ಹತ್ತು ಪುಟದ ಸಿಟ್ಟಿಗಿಂತ ಇಂಥ ಎರಡು ಸಾಲು ಕರಡು ತಿದ್ದುವ ಅಧಿಕಾರಿಗೆ ಉಪಯೋಗಕ್ಕೆ ಬರುತ್ತವೆ. ನೌಕರಿಯಲ್ಲಿರುವವರು ಕಂಪನಿಯ ಒಳಗಿನ ಕಡತ, ಇಮೇಲ್ ಲಗತ್ತಿಸಬಾರದು. ಹೆಸರು ಹೊರಬಂದರೆ ತೊಂದರೆ ಎನಿಸಿದರೆ ಐಟಿ ನೌಕರರ ಸಂಘ ಕೆಐಟಿಯು ಅಥವಾ ನಿಮ್ಮ ವೃತ್ತಿಯ ಬೇರೆ ಸಂಘದ ಮೂಲಕ ಕಳಿಸಬಹುದು. ಅಂಚೆಯಲ್ಲಾದರೆ ಸ್ವೀಕೃತಿ, ಇಮೇಲ್‌ನಲ್ಲಾದರೆ ಕಳಿಸಿದ ಪ್ರತಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಸರ್ಕಾರ ಕೇಳುವುದಿಲ್ಲ ಎನ್ನುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸ್ಥಳೀಯರ ವಿಧೇಯಕ ಎರಡು ದಿನದಲ್ಲಿ ನಿಂತದ್ದು ಉದ್ಯಮ ಸಂಸ್ಥೆಗಳು ಒಟ್ಟಾಗಿ ದನಿ ಎತ್ತಿದ್ದರಿಂದ. ಗಾರ್ಮೆಂಟ್ಸ್ ಹೆಣ್ಣುಮಗಳ ಪತ್ರಕ್ಕೆ ಅಷ್ಟು ಬೇಗ ಕಿವಿ ಸಿಗುವುದಿಲ್ಲ. ಸಮಯದ ವಿಷಯದಲ್ಲೂ ಅನ್ಯಾಯವಿದೆ. ಕರಡುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂದು ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ಅದು ರಾಜ್ಯವನ್ನು ಕಟ್ಟಿಹಾಕುವುದಿಲ್ಲ. ಗಿಗ್ ಕರಡಿಗೆ ಸಿಕ್ಕಿದ್ದು ಜುಲೈ 9ರವರೆಗೆ, ಹತ್ತು ದಿನ. ದಿನಕ್ಕೆ 12 ಗಂಟೆ ಬೈಕ್ ಮೇಲಿರುವವನಿಗೆ ಹತ್ತು ದಿನ ಏನಕ್ಕೂ ಸಾಲದು. ಅದಕ್ಕೇ ನಿಮ್ಮ ಮೊದಲ ಆಕ್ಷೇಪಣೆ ಗಡುವಿನ ಮೇಲೆಯೇ ಇರಲಿ: 30 ದಿನ ಕೊಡಿ, ಕನ್ನಡ ಪಠ್ಯವನ್ನು ಅದೇ ದಿನ ಪ್ರಕಟಿಸಿ. ಇದು ಎಡಬಲ ಯಾವ ಪಕ್ಷದವರೂ ಜೊತೆಯಾಗಿ ಕೇಳಬಹುದಾದ ಬೇಡಿಕೆ. ಗದ್ದಲದಿಂದ ವಿಧೇಯಕ ನಿಲ್ಲಬಹುದು. ಆದರೆ ಶುಲ್ಕದ ಶೇಕಡಾವಾರು, ಮುನ್ಸೂಚನೆಯ ದಿನಗಳಂಥ ಸಂಗತಿಗಳು ಕಾನೂನಿನೊಳಗೆ ಬರುವುದು ಯಾರೋ ಆ ಸಾಲುಗಳನ್ನು ಬರೆದಾಗಲೇ.

ಕೊನೆಯ ಹೆಜ್ಜೆ ಗಡುವು ಮುಗಿದ ಮೇಲಿನದು. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಇಂಥ ಸಂಖ್ಯೆಯ ಕರಡಿಗೆ ಬಂದ ಆಕ್ಷೇಪಣೆಗಳೆಷ್ಟು, ಅವುಗಳನ್ನು ಪರಿಶೀಲಿಸಿದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ, ನನ್ನ ಆಕ್ಷೇಪಣೆಯ ಮೇಲೆ ಕೈಗೊಂಡ ತೀರ್ಮಾನದ ಪ್ರತಿ ಕೊಡಿ ಎಂದಷ್ಟೇ ಕೇಳಿ; ‘ಯಾಕೆ ಒಪ್ಪಲಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಲು ಅವಕಾಶವಾಗುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಇನ್ನು 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಆ ಟಿಪ್ಪಣಿ ಹಾಳೆಗಳು ಸಿಕ್ಕರೆ ಜೋಪಾನವಾಗಿಡಿ. ಅದೇ ಕಾಯ್ದೆಯ ಅಡಿ ಮುಂದಿನ ನಿಯಮದ ಕರಡು ಬಂದಾಗ ಇಲಾಖೆ ಹಿಂದೆ ಬರೆದುಕೊಂಡದ್ದನ್ನೇ ಮುಂದಿಟ್ಟು ವಾದ ಶುರುಮಾಡಬಹುದು.