ಈ ಕಡತ ಯಾವ ಮನೆಯದು?

ವರ್ಕಾಡಿಯಂಥ ಊರಿನಲ್ಲಿ ಮನೆಗಳು ಬೀದಿಯ ಇಕ್ಕೆಲಗಳಲ್ಲಿ ಸಾಲಾಗಿ ನಿಂತಿರುವುದಿಲ್ಲ. ಗುಡ್ಡದ ಇಳಿಜಾರಿನಲ್ಲೊಂದು, ಅಡಿಕೆತೋಟದ ನಡುವೆ ಇನ್ನೊಂದು, ಗದ್ದೆಯ ಆಚೆಗೆ ಮತ್ತೊಂದು. ಒಂದೇ ಮನೆಗೆ ಊರವರ ಬಾಯಲ್ಲಿ ಒಂದು ಹೆಸರು. ಪಂಚಾಯತಿನ ಪುಸ್ತಕದಲ್ಲಿ ವಾರ್ಡು ಮತ್ತು ಮನೆಯ ಸಂಖ್ಯೆ. ಭೂಮಿಯ ದಾಖಲೆಯಲ್ಲಿ ಸರ್ವೆ ನಂಬರು. ವಿದ್ಯುತ್ ಕಚೇರಿಯಲ್ಲಿ ಬಳಕೆದಾರನ ಸಂಖ್ಯೆ. ಮನೆ ಒಂದೇ ಆದರೂ ಅದನ್ನು ಗುರುತಿಸುವ ದಾರಿಗಳು ನಾಲ್ಕು. ಗಣಕಯಂತ್ರದೊಳಗೂ ಇಂಥದೇ ತೊಡಕೊಂದು ಬಹುಕಾಲ ಇದ್ದಿತು, ಇಂದೂ ಪೂರ್ತಿಯಾಗಿ ಹೋಗಿಲ್ಲ. ಅದನ್ನು ಪರಿಹರಿಸಲು ಕೈಕೊಂಡ ಪ್ರಯತ್ನವನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯಪಡಿಸುವುದು ಈ ಪಾಠದ ಉದ್ದೇಶ.

ಬರೆಹವನ್ನು ತಿದ್ದುವುದಕ್ಕಾಗಿ ಇರುವ ತಂತ್ರಾಂಶಕ್ಕೆ ಎಡಿಟರ್ ಎಂದು ಹೆಸರು. ಈಮ್ಯಾಕ್ಸ್, ವಿಮ್, ವಿಷುವಲ್ ಸ್ಟುಡಿಯೋ ಕೋಡ್ ಮೊದಲಾದುವು ಪ್ರಸಿದ್ಧವಾದವು. ಇಂಥ ಎಡಿಟರಿಗೆ ಹೊರಗಿನವರು ಬರೆದ ಸಣ್ಣ ಸಣ್ಣ ಸಹಾಯಕ ತಂತ್ರಾಂಶಗಳನ್ನು ಜೋಡಿಸಬಹುದು, ಇವುಗಳನ್ನು ವಿಸ್ತರಣೆಗಳೆನ್ನುವರು. ಒಂದು ವಿಸ್ತರಣೆ ತಪ್ಪುಗಳನ್ನು ತೋರಿಸುತ್ತದೆ, ಇನ್ನೊಂದು ಬೇಕಾದ ಪದವನ್ನು ಎಲ್ಲ ಕಡತಗಳಲ್ಲಿ ಹುಡುಕಿಕೊಡುತ್ತದೆ, ಮತ್ತೊಂದು ಹಳೆಯ ಪ್ರತಿಗಳನ್ನು ಕಾಪಾಡುತ್ತದೆ.

ಕಡತವೊಂದು ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಒಂದೇ ಕೆಲಸಕ್ಕೆ ಸಂಬಂಧಿಸಿದ ಹತ್ತಾರು, ಕೆಲವೊಮ್ಮೆ ಸಾವಿರಾರು ಕಡತಗಳು ಒಂದು ದೊಡ್ಡ ಫೋಲ್ಡರಿನೊಳಗೆ, ಅದರ ಒಳ ಫೋಲ್ಡರುಗಳಲ್ಲಿ ಹಂಚಿಕೊಂಡಿರುತ್ತವೆ. ಈ ಸಂಸಾರಕ್ಕೆ ಪ್ರಾಜೆಕ್ಟ್ ಎಂದೂ ಅದರ ಅತ್ಯಂತ ಹೊರಗಿನ ಫೋಲ್ಡರಿಗೆ ಬೇರು ಎಂದೂ ಹೆಸರು. (ಗಣಕದವರ ಮರಕ್ಕೆ ಬೇರು ಮೇಲೆ, ಕೊಂಬೆಗಳು ಕೆಳಗೆ, ಗೀತೆಯ ಅಶ್ವತ್ಥವನ್ನು ಬಲ್ಲ ಹಿರಿಯರಿಗೆ ಇದು ವಿಚಿತ್ರವೆನಿಸಲಾರದು.) ಹುಡುಗನೊಬ್ಬನು ಒಂದು ಕಡತವನ್ನು ತೆರೆದು, 'ಈ ಪದವನ್ನು ಪ್ರಾಜೆಕ್ಟಿನಾದ್ಯಂತ ಬದಲಾಯಿಸು' ಎಂದು ಆಜ್ಞಾಪಿಸಿದನೆನ್ನೋಣ. ಆಗ ವಿಸ್ತರಣೆಯು ಮೊದಲು ತಿಳಿಯಬೇಕಾದುದು, ಈ ಕಡತ ಯಾವ ಮನೆಗೆ ಸೇರಿದ್ದು, ಆ ಮನೆಯ ಬೇಲಿ ಎಲ್ಲಿಯವರೆಗೆ ಎಂಬುದನ್ನೇ. ಬೇಲಿಯನ್ನು ಕಿರಿದಾಗಿ ಊಹಿಸಿದರೆ ಬದಲಾವಣೆ ಅರ್ಧಕ್ಕೆ ನಿಂತೀತು. ಅಗಲವಾಗಿ ಊಹಿಸಿದರೆ ನೆರೆಯವನ ಕಡತಗಳೂ ಕೆಟ್ಟಾವು.

ಬೇರನ್ನು ಕಂಡುಹಿಡಿಯಲು ಬಳಕೆಯಲ್ಲಿರುವ ಉಪಾಯ ಸರಳವಾದುದು. ಕಡತವಿರುವ ಫೋಲ್ಡರಿನಲ್ಲಿ ಒಂದು ಗುರುತಿದೆಯೇ ಎಂದು ನೋಡುವುದು. ಇಲ್ಲವಾದರೆ ಅದರ ಮೇಲಿನ ಫೋಲ್ಡರಿಗೆ ಹತ್ತಿ ಅಲ್ಲಿ ನೋಡುವುದು. ಹೀಗೆ ಗುರುತು ಸಿಕ್ಕುವವರೆಗೆ ಅಥವಾ ಮೇಲೆ ಫೋಲ್ಡರೇ ಇಲ್ಲವಾಗುವವರೆಗೆ ಏರುತ್ತ ಹೋಗುವುದು. ಲೀನಸ್ ಟೊರ್ವಾಲ್ಡ್ಸರು ೨೦೦೫ರಲ್ಲಿ ರಚಿಸಿದ ಗಿಟ್ ಎಂಬ ಸಾಧನವು ಪ್ರಾಜೆಕ್ಟಿನ ಬೇರಿನಲ್ಲಿ 'ಚುಕ್ಕಿ ಗಿಟ್' ಎಂಬ ಮರೆಯಾದ ಫೋಲ್ಡರನ್ನು ಇರಿಸುತ್ತದೆ. ತೋಟದ ಮೂಲೆಯಲ್ಲಿ ನೆಟ್ಟ ಸರ್ವೆ ಕಲ್ಲಿನಂತೆ ಇದೇ ಇಂದು ಅತಿ ಸಾಮಾನ್ಯವಾದ ಗುರುತು.

ಕೇಳುವುದಕ್ಕೆ ಇಷ್ಟೇ. ಆದರೆ ಎಲ್ಲ ಕಲ್ಲುಗಳೂ ಒಂದೇ ಬಗೆಯವಲ್ಲ. ಸಬ್‌ವರ್ಷನ್ ಎಂಬ ಹಿಂದಿನ ಸಾಧನವು ೨೦೧೧ರ ೧.೭ನೆಯ ಆವೃತ್ತಿಯವರೆಗೆ ಬೇರಿನಲ್ಲಿ ಮಾತ್ರವಲ್ಲದೆ ಪ್ರತಿಯೊಂದು ಒಳ ಫೋಲ್ಡರಿನಲ್ಲಿಯೂ ತನ್ನ ಗುರುತನ್ನಿಡುತ್ತಿದ್ದಿತು. ಅಲ್ಲಿ ಮೊದಲು ಸಿಕ್ಕಿದ ಗುರುತಿನಲ್ಲಿ ನಿಂತವನು ಕೋಣೆಯನ್ನೇ ಮನೆಯೆಂದು ತಿಳಿದಂತಾಗುತ್ತಿದ್ದಿತು. ಗುರುತುಗಳು ಮುಗಿಯುವವರೆಗೆ ಏರಿ, ಕಡೆಯದನ್ನು ಹಿಡಿಯಬೇಕಾಗಿದ್ದಿತು. ಗಿಟ್‌ನಲ್ಲಿಯಾದರೋ ಮೊದಲು ಸಿಕ್ಕಿದುದೇ ಸರಿ. ಇನ್ನು ಒಂದು ಪ್ರಾಜೆಕ್ಟಿನೊಳಗೆ ಮತ್ತೊಂದನ್ನು ಸೇರಿಸಿದಾಗ ಒಳಗಿನದರ 'ಚುಕ್ಕಿ ಗಿಟ್' ಫೋಲ್ಡರಾಗಿರದೆ ಬರಿಯ ಒಂದು ಕಡತವಾಗಿರುವುದುಂಟು; ಫೋಲ್ಡರನ್ನೇ ಅರಸುವ ವಿಸ್ತರಣೆ ಅದನ್ನು ದಾಟಿ ಮೇಲಕ್ಕೆ ಹೋಗಿಬಿಡುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯವರಿಗೆ ಬೇರೆ ಗುರುತು, ರಸ್ಟ್ ಭಾಷೆಯವರಿಗೆ ಬೇರೆ. ಪ್ರತಿಯೊಂದು ವಿಸ್ತರಣೆಯೂ ತನಗೆ ತಿಳಿದ ಗುರುತುಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿದ್ದಿತು. ಆದುದರಿಂದ ಒಂದೇ ಎಡಿಟರಿನಲ್ಲಿ, ಒಂದೇ ಕಡತದ ಬಗೆಗೆ, ಹುಡುಕುವ ವಿಸ್ತರಣೆಯು ಒಂದು ಬೇರನ್ನೂ ತಪ್ಪು ತೋರಿಸುವ ವಿಸ್ತರಣೆಯು ಇನ್ನೊಂದು ಬೇರನ್ನೂ ಹೇಳುವ ಅವಸ್ಥೆ ಬಂದಿತು.

೨೦೧೬ರಲ್ಲಿ ಹೊರಬಂದ ಈಮ್ಯಾಕ್ಸಿನ ೨೫ನೆಯ ಆವೃತ್ತಿಯಲ್ಲಿ ಇದಕ್ಕೊಂದು ಸಮಾನ ವ್ಯವಸ್ಥೆಯನ್ನು ಕಲ್ಪಿಸಿದರು. ಅದರ ರಚನೆ ಗಮನಿಸತಕ್ಕದ್ದು. 'ಎಲ್ಲರೂ ಇದೇ ಗುರುತನ್ನು ಬಳಸಿರಿ' ಎಂದು ಅವರು ಕಟ್ಟಳೆ ಮಾಡಲಿಲ್ಲ. ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬದಲಾಗಿ ಪ್ರಶ್ನೆಯನ್ನು ಮಾತ್ರ ನಿಶ್ಚಯಿಸಿದರು: 'ಈ ಫೋಲ್ಡರು ನಿನಗೆ ಗೊತ್ತಿರುವ ಪ್ರಾಜೆಕ್ಟಿಗೆ ಸೇರಿದ್ದೇ?' ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರ ಒಂದು ಸಾಲು ಇರುತ್ತದೆ. ಸಾಲಿನಲ್ಲಿರುವ ಪ್ರತಿಯೊಬ್ಬನೂ 'ಹೌದು, ಇದೋ ಪ್ರಾಜೆಕ್ಟು' ಎನ್ನಬಹುದು, ಇಲ್ಲವೆ ಸುಮ್ಮನಿರಬಹುದು. ಮೊದಲು ಉತ್ತರ ಕೊಟ್ಟವನ ಮಾತೇ ಎಲ್ಲ ವಿಸ್ತರಣೆಗಳಿಗೂ ಸಲ್ಲುತ್ತದೆ. ಹೊಸ ಭಾಷೆಯೊಂದು ಬಂದರೆ ಅದನ್ನು ಬಲ್ಲವನು ಸಾಲಿಗೆ ಸೇರಿದರಾಯಿತು. ಹಳೆಯ ವಿಸ್ತರಣೆಗಳಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಉತ್ತರದಲ್ಲಿ ಇರಲೇಬೇಕಾದುದೂ ಅತ್ಯಲ್ಪ. ಬೇರು ಯಾವುದೆಂದು ತಿಳಿದರೆ ಮುಖ್ಯವಾದ ಕೆಲಸವೆಲ್ಲ ನಡೆಯುತ್ತದೆ. ನಮ್ಮ ಮತದಲ್ಲಿ ಈ ಮಿತಭಾಷಿತ್ವವೇ ಆ ಏರ್ಪಾಡಿನ ಗುಣ. ಹೆಚ್ಚು ವಿಷಯಗಳಿಗೆ ಒಪ್ಪಿಗೆ ಕೇಳಿದಷ್ಟೂ ಒಪ್ಪುವವರು ಕಡಮೆಯಾಗುತ್ತಾರೆ.

ಅದೇ ೨೦೧೬ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಡಂಬಡಿಕೆಯನ್ನು ಪ್ರಕಟಿಸಿತು. ಅಲ್ಲಿ ಸಹಾಯಕನು ಬೇರನ್ನು ತಾನಾಗಿ ಹುಡುಕಿಕೊಳ್ಳಬೇಕಾಗಿಲ್ಲ. ಕೆಲಸ ಆರಂಭವಾಗುವಾಗ ಎಡಿಟರೇ ಬೇರು ಇದೆಂದು ಹೇಳಿಕೊಡುತ್ತದೆ. ಮೊದಲು ಒಂದೇ ಬೇರನ್ನು ಹೇಳುವ ಏರ್ಪಾಡಿದ್ದಿತು. ಒಬ್ಬನೇ ಏಕಕಾಲಕ್ಕೆ ಎರಡು ಮೂರು ಪ್ರಾಜೆಕ್ಟುಗಳನ್ನು ತೆರೆದಿಟ್ಟುಕೊಳ್ಳುವನೆಂದು ಕಂಡುಬಂದ ಮೇಲೆ, ಬೇರುಗಳ ಪಟ್ಟಿಯನ್ನೇ ಕಳುಹಿಸುವಂತೆ ಅದನ್ನು ತಿದ್ದಿದರು.

ಇಂಥ ಒಡಂಬಡಿಕೆಯ ಬೆಲೆಯನ್ನು ಕನ್ನಡಿಗರಿಗೆ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ೧೯೯೦ರ ದಶಕದಲ್ಲಿ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಕೊಟ್ಟುಕೊಂಡಿದ್ದಿತು. ಒಂದರಲ್ಲಿ ಬರೆದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿದ್ದಿತು. ಮುದ್ರಣಾಲಯಗಳು ಈ ಕಷ್ಟವನ್ನು ಬಹುಕಾಲ ಅನುಭವಿಸಿದುವು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. ಆದರೆ ಅದು ಮನೆಮನೆಗೆ ತಲಪಲು ವರ್ಷಗಳೇ ಬೇಕಾದುವು. ಸ್ಥಾನವನ್ನು ಗೊತ್ತುಮಾಡುವುದು ಬೇರೆ, ಎಲ್ಲರೂ ಅಲ್ಲಿಗೆ ಬರುವುದು ಬೇರೆ.

ಪೋಷಕರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿಯೊಂದುಂಟು. ಗುರುತನ್ನು ಅರಸುತ್ತ ಮೇಲಕ್ಕೆ ಏರುವ ಈ ಉಪಾಯದಲ್ಲಿ ಅಪಾಯವೂ ಅಡಗಿದೆ. ಹಲವರು ಬಳಸುವ ಗಣಕದಲ್ಲಿ ದುಷ್ಟನೊಬ್ಬನು ಎಲ್ಲರ ಫೋಲ್ಡರುಗಳಿಗೂ ಮೇಲಿರುವ ಸ್ಥಳದಲ್ಲಿ ತನ್ನ 'ಚುಕ್ಕಿ ಗಿಟ್' ಅನ್ನು ಇಟ್ಟುಬಿಟ್ಟರೆ, ಕೆಳಗಿನವರ ಸಾಧನಗಳು ಏರುತ್ತ ಬಂದು ಅದನ್ನೇ ತಮ್ಮ ಮನೆಯೆಂದು ನಂಬುತ್ತವೆ. ಅದರೊಳಗೆ ಅವನು ಬರೆದಿಟ್ಟ ಆಜ್ಞೆಗಳನ್ನು ನಡೆಸಿಬಿಡಲೂಬಹುದು. ೨೦೨೨ರ ಏಪ್ರಿಲಿನಲ್ಲಿ ಗಿಟ್‌ನವರು ಈ ದೋಷವನ್ನು ಪ್ರಕಟಿಸಿ, ಸಿಕ್ಕಿದ ಗುರುತಿನ ಒಡೆಯನು ಬೇರೊಬ್ಬನಾಗಿದ್ದರೆ ಅದನ್ನು ನಂಬದಂತೆ ತಿದ್ದಿದರು. ಅದಕ್ಕೆ ಹಿಂದಿನ ವರ್ಷ, ೨೦೨೧ರಲ್ಲಿ, ವಿಷುವಲ್ ಸ್ಟುಡಿಯೋ ಕೋಡ್ ಕೂಡ ಹೊಸ ಫೋಲ್ಡರನ್ನು ತೆರೆದಾಗ 'ಇದನ್ನು ಬರೆದವರನ್ನು ನಂಬುವಿರಾ?' ಎಂದು ಕೇಳತೊಡಗಿತು. ಮಕ್ಕಳು ಈ ಪ್ರಶ್ನೆಯನ್ನು ಓದದೆಯೇ 'ಹೌದು' ಎಂದು ಒತ್ತುವುದು ತರವಲ್ಲ. ಇನ್ನೊಂದು ಮಾತು. ಒಡೆತನವನ್ನು ನೋಡುವ ರಕ್ಷಣೆ ಫಲಿಸಬೇಕಾದರೆ ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಪ್ರವೇಶನಾಮವಿರಬೇಕು. ಶಾಲೆಯ ಗಣಕಕೊಠಡಿಯಲ್ಲಿ ಎಲ್ಲರೂ ಒಂದೇ ಹೆಸರಿನಿಂದ ಒಳಹೊಕ್ಕರೆ ಎಲ್ಲರ ಕಡತಗಳಿಗೂ ಒಬ್ಬನೇ ಒಡೆಯನಾಗಿ, ಆ ಕಾವಲು ನಿಷ್ಪ್ರಯೋಜಕವಾಗುವುದು.

ಗಿಟ್ ಇರುವ ಗಣಕ ದೊರೆತರೆ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಆಜ್ಞೆಗಳ ಕಾಗುಣಿತವನ್ನು ಅಧ್ಯಾಪಕರು ಕರಿಹಲಗೆಯ ಮೇಲೆ ಬರೆದುಕೊಡುವರು. 'ತೋಟ' ಎಂಬ ಫೋಲ್ಡರು, ಅದರೊಳಗೆ 'ಮನೆ', ಅದರೊಳಗೆ 'ಕೋಣೆ' ಎಂಬುವನ್ನು ಮಾಡಿರಿ. 'ತೋಟ'ದಲ್ಲಿ ನಿಂತು ಗಿಟ್ ಇನಿಟ್ ಆಜ್ಞೆಯನ್ನು ಕೊಡಿರಿ. ಬಳಿಕ 'ಕೋಣೆ'ಗೆ ಇಳಿದು ಬೇರು ಯಾವುದೆಂದು ಗಿಟ್ ಅನ್ನು ಕೇಳಿರಿ. 'ತೋಟ' ಎಂದು ಉತ್ತರ ಬರುವುದು. ಈಗ 'ಮನೆ'ಯಲ್ಲಿಯೂ ಗಿಟ್ ಇನಿಟ್ ಕೊಟ್ಟು, ಮತ್ತೆ 'ಕೋಣೆ'ಯಿಂದ ಕೇಳಿರಿ. ಉತ್ತರವು 'ಮನೆ' ಎಂದಾಗುವುದು. ಸಬ್‌ವರ್ಷನಿನ ಹಳೆಯ ಕ್ರಮದಂತೆ ಕಡೆಯ ಗುರುತಿನವರೆಗೂ ಏರುವ ವಿಸ್ತರಣೆಯಾಗಿದ್ದರೆ ಈ ಎರಡನೆಯ ಸಲ ಏನೆಂದು ಹೇಳುತ್ತಿದ್ದಿತು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಅನಂತರ ನಿಮ್ಮ ಎಡಿಟರಿನಲ್ಲಿ 'ಕೋಣೆ'ಯ ಕಡತವೊಂದನ್ನು ತೆರೆದು, ಪ್ರಾಜೆಕ್ಟಿನ ಕಡತಗಳ ಪಟ್ಟಿಯನ್ನು ಕೇಳಿ, ಅದು ಯಾರ ಪಕ್ಷವೆಂದು ನೋಡಿರಿ.