ಪಂಚಮಿಯ ಜೋಕಾಲಿಯ ವೇಗ

ಶ್ರಾವಣದ ನಾಗರಪಂಚಮಿಯು ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಬೇವು ಹುಣಸೆಗಳ ಕೊಂಬೆಗಳಿಂದ ಹಗ್ಗಗಳು ಇಳಿಬೀಳುವವು. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದು ಜೋಕಾಲಿ ಜೀಕುವರು. ಆ ಜೋಕಾಲಿಯು ತೀರ ಕೆಳಗೆ ಬಂದಾಗ ಅದರ ವೇಗವೆಷ್ಟಿರುವದು? ಗಡಿಯಾರದ ಹಂಗಿಲ್ಲದೆ, ಬರಿಯ ಅಳತೆಯ ಪಟ್ಟಿಯಿಂದಲೇ ಇದನ್ನು ತಿಳಿಯಬಹುದೆಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪುಮಾಡಿಕೊಡಲು ಬಯಸುವೆವು.

ಜೋಕಾಲಿಯು ಮೇಲಿನ ತುದಿಯಲ್ಲಿ ಕ್ಷಣಮಾತ್ರ ನಿಲ್ಲುವದು. ಆಗ ಅದಕ್ಕೆ ಚಲನಶಕ್ತಿಯಿಲ್ಲ; ಎತ್ತರದಿಂದ ದೊರೆತ ಪ್ರಚ್ಛನ್ನಶಕ್ತಿಯು ಮಾತ್ರ ಇರುವದು. ಇಳಿಯುತ್ತಿರುವಂತೆ ಇದು ತಗ್ಗಿ ಅದು ಹೆಚ್ಚುವದು. ಎರಡರ ಮೊತ್ತವು ಬದಲಾಗದು. ಹಗ್ಗದ ಎಳೆತವು ಏನಾಯಿತೆಂದು ಜಾಣೆಯರು ಕೇಳಬಹುದು. ಹಗ್ಗವು ಚಲನೆಗೆ ಸದಾ ಲಂಬವಾಗಿ ಎಳೆಯುವದರಿಂದ ಶಕ್ತಿಯನ್ನು ಕೊಡುವದೂ ಇಲ್ಲ, ಕಸಿಯುವದೂ ಇಲ್ಲ. ಆದುದರಿಂದ ದಾರಿಯು ಬಾಗಿದ್ದರೂ ಲೆಕ್ಕವು ನೆಟ್ಟಗೆ ಬಿದ್ದ ಕಲ್ಲಿನ ಲೆಕ್ಕವೇ ಸರಿ:

ವೇಗದ ವರ್ಗ = 2 × ಗುರುತ್ವದ ವೇಗೋತ್ಕರ್ಷ × ಇಳಿದ ಎತ್ತರ.

ಮಣೆಯು 1.6 ಮೀಟರು ಇಳಿಯಿತೆನ್ನೋಣ. 2 × 9.8 × 1.6 = 31.36, ಇದರ ವರ್ಗಮೂಲವು 5.6. ಅಂದರೆ ಸೆಕೆಂಡಿಗೆ 5.6 ಮೀಟರು, ತಾಸಿಗೆ ಸುಮಾರು 20 ಕಿಲೋಮೀಟರು. ಇಳಿದದ್ದು 0.4 ಮೀಟರು ಮಾತ್ರವಾದರೆ ವೇಗವು 2.8. ಎತ್ತರವು ನಾಲ್ಕು ಪಟ್ಟಾದರೆ ವೇಗವು ಎರಡೇ ಪಟ್ಟಾಗುವದು. ಇಲ್ಲಿಯೇ ಹಲವರು ತಪ್ಪುವರು. ಕುಳಿತವಳ ತೂಕವು ಎರಡೂ ಶಕ್ತಿಗಳಲ್ಲಿ ಸಮವಾಗಿ ಸೇರಿರುವದರಿಂದ ಲೆಕ್ಕದಿಂದ ಬಿಟ್ಟುಹೋಗುವದು. ತಾಯಿಗೂ ಮಗಳಿಗೂ ಒಂದೇ ವೇಗ! ಆದರೆ ಇಳಿಯುವಾಗ ಜೀಕಬಾರದು. ಜೀಕಿದರೆ ಮೈಯ ಶಕ್ತಿಯೂ ಬಂದು ಕೂಡುವದು. ಗಾಳಿಯ ತಡೆಯಿಂದ ವೇಗವು ತುಸು ಕಡಿಮೆಯಾಗುವದು.

ವೇಗದ ವರ್ಗವೇ ಏಕೆ ಬಂತೆಂಬದು ಒಂದು ಕಾಲಕ್ಕೆ ಯುರೋಪದ ಪಂಡಿತರ ಜಗಳವಾಗಿತ್ತು. 1722ರಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಎಂಬವರು ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಯ ಮೇಲೆ ಬೀಳಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ವೇಗವು ಇಮ್ಮಡಿಯಾದ ಗುಂಡು ನಾಲ್ಮಡಿ ತಗ್ಗನ್ನು ತೋಡುವದೆಂದು ಕಂಡಿತು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಎಂಬ ವಿದುಷಿಯು 1740ರ ತಮ್ಮ ಭೌತಶಾಸ್ತ್ರದ ಗ್ರಂಥದಲ್ಲಿ ಈ ಪಕ್ಷವನ್ನೇ ಎತ್ತಿಹಿಡಿದರು. ಮಗನ ಪಾಠಕ್ಕೆಂದು ತಾಯಿಯೊಬ್ಬರು ಬರೆದ ಪುಸ್ತಕವದು.

ಇನ್ನು ಹಗ್ಗ ಕಟ್ಟುವ ಪಾಲಕರಿಗೆ ಒಂದು ಮಾತು. ಮೇಲಿನ ಜೋಕಾಲಿಯ ಹಗ್ಗವು 3.2 ಮೀಟರು ಉದ್ದವಿರಲಿ. ತೀರ ಕೆಳಗೆ ಹಗ್ಗವು ತೂಕವನ್ನು ಹೊರುವದಲ್ಲದೆ ದಾರಿಯನ್ನೂ ಬಾಗಿಸಬೇಕು. ಅದಕ್ಕೆ ಬೇಕಾದ ವೇಗೋತ್ಕರ್ಷವು ವೇಗದ ವರ್ಗವನ್ನು ಉದ್ದದಿಂದ ಭಾಗಿಸಿದಷ್ಟು: 31.36 ÷ 3.2 = 9.8. ಇದು ಗುರುತ್ವದಷ್ಟೇ ಆಯಿತು! 40 ಕಿಲೋ ತೂಕದ ಹುಡುಗಿಯು ಆ ಕ್ಷಣದಲ್ಲಿ ಕೊಂಬೆಯನ್ನು 80 ಕಿಲೋದಂತೆ ಜಗ್ಗುವಳು. ಹಗ್ಗವು ನೆಲಕ್ಕೆ ಸಮಾನಾಂತರವಾಗುವಷ್ಟು ಮೇಲಿನಿಂದ ಇಳಿದರೆ ಮೂರು ಪಟ್ಟು. ಹುಡುಗಿಯನ್ನು ಸುಮ್ಮನೆ ಕೂಡಿಸಿ ನೋಡಿ, ಹಗ್ಗವು ಗಟ್ಟಿಯಿದೆಯೆಂದು ಹೇಳಿದರೆ ಸಾಲದು. ದೊಡ್ಡವರು ಮೂವರು ಒಟ್ಟಿಗೆ ಜೋತು ನೋಡಬೇಕು.